ಮರದ ಮೇಲಿಂದ ನನ್ನನ್ನು ‘ರೀ’ ಎಂದು ಕರೆದ ಹಕ್ಕಿಯವರಿಗೆ

ಮಾನ್ಯ ಹಕ್ಕಿಯವರೇ,

ರಕ್ಷಿತಾರಣ್ಯದ ಹಕ್ಕಿವೀಕ್ಷಕರ ವಸತಿಗೃಹದಲ್ಲಿ, ಊಟದ ಮನೆಯ ಹಿಂದಿನ ಎತ್ತರದ ಮರದಲ್ಲಿ ಖಾಯಂ ಆಗಿ ವಾಸವಾಗಿರುವ, ಕಪ್ಪು ಮೈಬಣ್ಣದ, ಉದ್ದ ಬಾಲದ, ಇನ್ನೊಬ್ಬರ ದನಿಯನ್ನು ಅನುಕರಿಸುವುದರಲ್ಲಿ ಎತ್ತಿದ ಕೈ ಎಂದು ಹೆಸರಾದ ತಮ್ಮ ಪಾದಗಳಿಗೆ, ಪಾದ ಕಾಣದಿದ್ದರೆ ಅವು ಹಿಡಿದಿರುವ ಕೊಂಬೆಗೆ, ಪಟ್ಟಣದಲ್ಲಿ ಕಿವಿ ಪರೀಕ್ಷೆ ಮಾಡಿ ಕಿವಿಗೆ ಹಾಕುವ ಮಿಷನ್ನು ಮಾರುವ ಒಬ್ಬ ಸಾಮಾನ್ಯ ಅಂಗಡಿಕಾರನ ನಮಸ್ಕಾರಗಳು. ತಾವು, ತಮ್ಮ ಗೂಡು, ಮೊಟ್ಟೆ, ಮರಿಗಳು ಎಲ್ಲವೂ ಕ್ಷೇಮವೆಂದು ನಂಬಿದ್ದೇನೆ. ನಾನು ಕ್ಷೇಮವಲ್ಲ, ಆ ವಿಷಯವಾಗಿಯೇ ಈ ಪತ್ರ. ಇದನ್ನು ಊರಿಗೆಲ್ಲ ಕಾಣುವಂತೆ ಬರೆಯುತ್ತಿರುವುದಕ್ಕೆ ತಾವು ಬೇಸರಿಸಬಾರದು. ಖಾಸಗಿಯಾಗಿ ತಲುಪಿಸಿಕೊಡಿ ಎಂದು ವಸತಿಗೃಹದ ಮ್ಯಾನೇಜರನ್ನು ಕೇಳಿಕೊಂಡಾಗ, ಮರಗಳಿಗೆ ಟಪಾಲು ಹಂಚುವ ಸೌಲಭ್ಯ ತಮ್ಮಲ್ಲಿ ಇಲ್ಲವೆಂದು ಅವರು ವಿನಯದಿಂದ ತಿಳಿಸಿದರು. ಇಲ್ಲದ ಸೌಲಭ್ಯಗಳ ವಿಷಯದಲ್ಲಿ ಅವರು ಮೊದಲಿನಿಂದಲೂ ಪ್ರಾಮಾಣಿಕರು.

ತಮಗೆ ನನ್ನ ಮುಖ ಪರಿಚಯವಿದೆ, ಹಿನ್ನೆಲೆ ಗೊತ್ತಿರಲಿಕ್ಕಿಲ್ಲ. ನಮ್ಮದು ಗಂಡಹೆಂಡತಿ ಸೇರಿ ನಡೆಸುವ ಅಂಗಡಿ. ಒಳಗೆ, ಸದ್ದು ನುಗ್ಗದಂತೆ ಗೋಡೆಗೆಲ್ಲ ಸ್ಪಂಜು ಬಡಿದ ಪುಟ್ಟ ಕೋಣೆಯ ಬಾಗಿಲಲ್ಲಿ ಕೂತು ನಾನು ಬಂದವರ ಕಿವಿಗೆ ಹೆಡ್‌ಫೋನ್ ಹಾಕಿ, ‘ಕುಂಯ್’ ಎನ್ನುವ ಸದ್ದು ಕೇಳಿಸಿದಾಗಲೆಲ್ಲ ಬೆರಳೆತ್ತಿ ಎಂದು ಹೇಳಿ, ಎತ್ತಿದ ಬೆರಳನ್ನು ನೋಡಿಕೊಂಡು ಗುರುತು ಹಾಕುತ್ತೇನೆ. ಹೊರಗೆ ಕೌಂಟರಿನಲ್ಲಿ ನನ್ನ ಹೆಂಡತಿ ಮಿಷನ್ನು ಹಾಕಿಕೊಳ್ಳುವುದು ಹೇಗೆ, ಬ್ಯಾಟರಿ ಬದಲಿಸುವುದು ಹೇಗೆ, ಸ್ನಾನಕ್ಕೆ ಹೋಗುವಾಗ ತೆಗೆದಿಡದಿದ್ದರೆ ಏನಾಗುತ್ತದೆ ಎಂಬುದನ್ನು ವಿವರಿಸುತ್ತಾಳೆ. ಬರುವವರಿಗೆ ಕೇಳಿಸುವುದಿಲ್ಲವಾದ್ದರಿಂದ ಬೆಳಗಿನಿಂದ ಸಂಜೆಯವರೆಗೆ ಅವಳು ಕೂಗಿಯೇ ಮಾತಾಡಬೇಕು. ನಡುವೆ ನನ್ನನ್ನು ‘ರೀ’ ಎಂದು ಕರೆಯುತ್ತಿದ್ದಳು. ನಾನು ಕೆಲಸದಲ್ಲಿ ಮುಳುಗಿರುವ ಮನುಷ್ಯನಾದರೂ ಅವಳು ಕರೆದಾಗ ಉತ್ತರ ಕೊಡದೆ ಬಿಟ್ಟವನಲ್ಲ. ಪ್ರತಿ ಸಲವೂ ‘ಹ್ಞೂಂ’ ಎಂದಿದ್ದೇನೆ, ಅದಕ್ಕೆ ನಮ್ಮ ಗಿರಾಕಿಗಳೇ ಸಾಕ್ಷಿ, ಅವರಿಗೆ ಕೇಳಿಸಿದ್ದರೆ.

ಹೀಗೆ ಯಾರದೋ ಮಿಷನ್ನಿನಿಂದ ಬಿದ್ದ ಸಣ್ಣ ಸ್ಕ್ರೂವನ್ನು ಮೇಜಿನ ಕೆಳಗೆ ಹುಡುಕುತ್ತ ನಾನು ಹೇಳಿದ ಒಂದು ‘ಹ್ಞೂಂ’ಗೆ, ಕಾಡಿಗೆ ಹೋಗಿ ಹಕ್ಕಿ ನೋಡಿಕೊಂಡು ಇರೋಣ, ಅಲ್ಲಿ ಯಾರೂ ಜೋರಾಗಿ ಮಾತಾಡುವ ಹಾಗಿಲ್ಲವಂತೆ, ನನ್ನ ಗಂಟಲಿಗೂ ವಿಶ್ರಾಂತಿ ಸಿಗುತ್ತದೆ ಎಂಬ ಅವಳ ಬಹುದಿನದ ಆಸೆಗೆ ನನ್ನ ಸಂಪೂರ್ಣ ಒಪ್ಪಿಗೆಯಿದೆ ಎಂಬ ಅರ್ಥವಿತ್ತೆಂದು ನನಗೆ ತಿಳಿದದ್ದು, ಬಾಡಿಗೆ ಕಾರು ಬಾಗಿಲಿಗೆ ಬಂದು ನಿಂತು, ಅವಳು ಹೊಸ ಬೈನಾಕ್ಯುಲರನ್ನು ಕೊರಳಿಗೆ ಹಾಕಿಕೊಂಡು ಚೀಲಗಳೊಂದಿಗೆ ಮೆಟ್ಟಿಲಿಳಿದು ಬಂದಾಗ. ‘ಎಲ್ಲಿಗೆ?’ ಎಂದೆ. ಡ್ರೈವರ್ ನಕ್ಕ. ಅವಳು ನಗಲಿಲ್ಲ. ಚೀಲಗಳನ್ನು ಡಿಕ್ಕಿಯಲ್ಲಿಟ್ಟು ಮುಚ್ಚಿ, ನನ್ನ ಕಡೆ ತಿರುಗಿ, “ಇನ್ಮೇಲೆ ನಾನು ನಿಮ್ಮನ್ನ ಕರೆಯೋದಿಲ್ಲ. ಕೇಳಿಸಿದಾಗ ನೀವೇ ಬನ್ನಿ” ಎಂದಳು.

ಮಾತು ಬಿಟ್ಟಳೆಂದು ತಾವು ತಿಳಿಯಬಾರದು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ನನ್ನ ಕಾಲ್ಚೀಲಕ್ಕೆ ಜಿಗಣೆ ಹತ್ತಿದರೆ ಬೆರಳು ತೋರಿಸುತ್ತಿದ್ದಳು. ಆದರೆ ‘ರೀ’ ನಿಂತೇಹೋಯಿತು. ನಿಂತ ಮೇಲೆಯೇ ನನಗೆ ಅದರ ಕೊರತೆ ಕಂಡದ್ದು. ಮನೆಯ ಗಡಿಯಾರ ಕೆಟ್ಟು ನಿಂತಾಗ ಮಾತ್ರ ಅದಕ್ಕೊಂದು ಸದ್ದಿತ್ತೆಂದು ನೆನಪಾಗುವ ಹಾಗೆ. ವಸತಿಗೃಹಕ್ಕೆ ಬಂದವರೆಲ್ಲ ಆ ಕಾಡಿಗೆ ಹೆಸರು ತಂದ ನೀಲಿ ಕತ್ತಿನ ಪುಟ್ಟ ಅಪರೂಪದ ಹಕ್ಕಿ ಕಾಣಲೆಂದು ಕಾಯುತ್ತಿದ್ದರೆ, ನಾನೊಬ್ಬ ಮಾತ್ರ ಒಂದಕ್ಷರ ಕೇಳಲೆಂದು ಕಾಯುತ್ತಿದ್ದೆ. ಬಾಯಿಬಿಟ್ಟು ಕೇಳಿಕೊಳ್ಳಲು ಸ್ವಾಭಿಮಾನ ಅಡ್ಡ ಬಂತು.

ತಮ್ಮ ವಸತಿಗೃಹದ ಬಗ್ಗೆ ನನ್ನದು ಯಾವ ತಕರಾರೂ ಇಲ್ಲ. ಮರದ ಕಂಬಗಳ ಮೇಲೆ ಕಟ್ಟಿದ ಆ ಕೋಣೆಗಳು, ಮುಗ್ಗಲು ವಾಸನೆಯಿಂದಾಗಿ ಮಲಗಿದವನಿಗೆ ತಾನೊಬ್ಬನೇ ಇಲ್ಲವೆಂಬ ಧೈರ್ಯ ಕೊಡುವ ತಲೆದಿಂಬುಗಳು, ಬಿಸಿನೀರಿನ ನಲ್ಲಿಯಿಂದ ತಣ್ಣೀರನ್ನೂ ತಣ್ಣೀರಿನ ನಲ್ಲಿಯಿಂದ ಗಾಳಿಯನ್ನೂ ಕೊಡುವ ಸ್ನಾನದ ಮನೆ, ಎಲ್ಲವೂ ಪ್ರಕೃತಿಗೆ ಹತ್ತಿರವಾಗಿಯೇ ಇವೆ. ನೀಲಿ ಕತ್ತಿನ ಹಕ್ಕಿಯಂತೂ ಟವೆಲ್ಲಿನ ಮೇಲೆ, ಕೀಲಿಗೊಂಚಲಿನ ಮೇಲೆ, ಸೋಪಿನ ಕವರಿನ ಮೇಲೆ, ಹೋದಲ್ಲೆಲ್ಲ ಕಾಣಿಸುತ್ತಿತ್ತು, ಕಾಡೊಂದನ್ನು ಬಿಟ್ಟು. ‘ಸದ್ದು ಮಾಡಬೇಡಿ’ ಎಂಬ ಫಲಕ ಅಲ್ಲಿ ಎಷ್ಟು ದೊಡ್ಡದಿದೆಯೆಂದರೆ ಅದನ್ನು ಓದಿದವರು ಬೆಚ್ಚಿ ಕೂಗಬೇಕು. ಗೈಡ್ ಮಹಾಶಯರು ಕಾಡಿನಲ್ಲಿ ಪಿಸುಗುಟ್ಟಿ ಪಿಸುಗುಟ್ಟಿ ಕೊನೆಗೆ ಉಪ್ಪು ಕೊಡಿ ಎಂಬುದನ್ನೂ ಗುಟ್ಟಿನಂತೆ ಹೇಳುತ್ತಿದ್ದರು. ಊಟದ ಮನೆಯಲ್ಲಿ ಜನ ಒಬ್ಬರ ಬಾಯಿಗೆ ಇನ್ನೊಬ್ಬರು ಕಿವಿ ಕೊಟ್ಟು, ಹಣೆ ಗಂಟಿಕ್ಕಿಕೊಂಡು, ‘ಆಂ? ಆಂ?’ ಎನ್ನುವುದನ್ನು ನೋಡಿ ನನಗೆ ಅಂಗಡಿಯಲ್ಲೇ ಕೂತಂತಾಗಿ ಕೈ ತಾನಾಗಿಯೇ ಹೆಡ್‌ಫೋನ್ ಹುಡುಕುತ್ತಿತ್ತು. ನನ್ನ ಹೆಂಡತಿ ಮಾತ್ರ ಅಲ್ಲಿ ಹಾಯಾಗಿದ್ದಳು. ಸುಮ್ಮನೆ ಕೂತು ಎಲೆಗಳ ನಡುವೆ ನೋಡುತ್ತಿದ್ದಳು, ಅವಳ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಕಂಡು ಬಹಳ ಕಾಲವಾಗಿತ್ತು.

ತಾವು ನನ್ನನ್ನು ಮೊದಲ ಬಾರಿಗೆ ಕರೆದದ್ದು ನಾವು ಹೋದ ಮರುದಿನ ಬೆಳಿಗ್ಗೆ, ನಾನು ಕನ್ನಡಿಯ ಮುಂದೆ ಗಡ್ಡ ಹೆರೆಯುತ್ತಿದ್ದಾಗ. ಹೊರಗಿನಿಂದ ಸ್ಪಷ್ಟವಾಗಿ ‘ರೀ’ ಎಂದು ಕೇಳಿಸಿತು. ಮಾನ್ಯರೇ, ಆ ಕ್ಷಣದ ಸಂತೋಷವನ್ನು ತಮಗೆ ಹೇಗೆ ಹೇಳಲಿ? ಒಂದು ಕೆನ್ನೆಯ ಮೇಲೆ ಸೋಪಿನ ನೊರೆ ಇದ್ದಹಾಗೆಯೇ ‘ಬಂದೆ, ಬಂದೆ’ ಎನ್ನುತ್ತ ಮೆಟ್ಟಿಲಿಳಿದು ಓಡಿದೆ. ಪಕ್ಕದ ಕೋಣೆಯಿಂದ ಹಲ್ಲಿನ ಡಾಕ್ಟರು ಬಾಯಲ್ಲಿ ಬ್ರಷ್ಷಿಟ್ಟುಕೊಂಡೇ ಓಡಿ ಬಂದರು. ಆಚೆ ಕೋಣೆಯಿಂದ, ಹಡಗಿನಲ್ಲಿ ಕೆಲಸ ಮಾಡಿ ನಿವೃತ್ತರಾದ, ಎಲ್ಲರೂ ಕ್ಯಾಪ್ಟನ್ ಎಂದು ಕರೆಯುವ ಹಿರಿಯರು ನೀಲಿ ಕತ್ತಿನ ಹಕ್ಕಿಯ ಟವೆಲ್ಲನ್ನು ಸೊಂಟಕ್ಕೆ ಸುತ್ತಿಕೊಂಡು ಆಗಲೇ ಬಂದು ನಿಂತಿದ್ದರು. ಊಟದ ಮನೆಯ ಜಗಲಿಯಲ್ಲಿ ಡಾಕ್ಟರ ಹೆಂಡತಿಯೂ ನನ್ನ ಹೆಂಡತಿಯೂ ಚಹಾ ಕುಡಿಯುತ್ತ ನಿಂತಿದ್ದರು. ಏನು ಎಂದು ನಾವು ಅವರನ್ನು ಕೇಳಿದೆವು. ಏನು ಎಂದು ಅವರು ನಮ್ಮನ್ನೇ ಕೇಳಿದರು. ಆಗ ಮೇಲಿನಿಂದ ತಾವು ಮತ್ತೊಮ್ಮೆ ‘ರೀ’ ಎಂದಿರಿ.

ಗೈಡ್ ಮಹಾಶಯರು ಮರದ ಮೇಲಕ್ಕೆ ಬೆರಳು ತೋರಿಸಿ ಹೆಮ್ಮೆಯಿಂದ ತಮ್ಮ ಪರಿಚಯ ಮಾಡಿಕೊಟ್ಟರು. ಡಾಕ್ಟರು ನೊರೆ ಉಗುಳಲು ಜಾಗ ಹುಡುಕುತ್ತ ಹೋದರು. ಕ್ಯಾಪ್ಟನ್ ಮಾತ್ರ ಅಲ್ಲೇ ತಲೆಯೆತ್ತಿ ನಿಂತುಬಿಟ್ಟರು. ಅವರು ಒಬ್ಬರೇ ಬಂದವರು, ಅವರ ಹೆಂಡತಿ ತೀರಿಕೊಂಡು ಎಷ್ಟೋ ಕಾಲವಾಗಿದೆ ಎಂಬುದು ನಮಗೆ ಆಮೇಲೆ ಗೊತ್ತಾಯಿತು. ಹಾಗಿದ್ದೂ ಅವರು ನಮ್ಮೆಲ್ಲರಿಗಿಂತ ಮೊದಲು ಅಂಗಳದಲ್ಲಿದ್ದರು. ನನ್ನ ಹೆಂಡತಿ ನನ್ನ ಕೆನ್ನೆಯ ಸೋಪನ್ನು ನೋಡಿ, ಹಕ್ಕಿ ಕರೆದರೆ ಇಷ್ಟು ಬೇಗ ಕೇಳಿಸುತ್ತದಲ್ಲ, ಸದ್ಯ ಕಿವಿಗೇನೂ ಆಗಿಲ್ಲ ಎಂದು ಚಹಾದ ಲೋಟಕ್ಕೆ ಹೇಳಿದಳು.

ಇಲ್ಲಿ ನಾನು ತಮ್ಮನ್ನು ಹೊಗಳದಿದ್ದರೆ ನನ್ನ ವೃತ್ತಿಗೆ ದ್ರೋಹ ಬಗೆದಂತೆ. ಹೊರಗೆ ಕಾಣುವ ಕಿವಿಯೇ ಇಲ್ಲದ ತಾವು ಇಷ್ಟು ಚೆನ್ನಾಗಿ ಕೇಳಿಸಿಕೊಂಡಿದ್ದೀರಿ ಎಂಬುದು, ಎದ್ದು ಕಾಣುವ ಕಿವಿಗಳನ್ನಿಟ್ಟುಕೊಂಡ ನಮ್ಮಂಥವರು ತಲೆ ತಗ್ಗಿಸಬೇಕಾದ ವಿಷಯ. ತಾವು ಬರಿದೇ ‘ರೀ’ ಎಂದು ಒದರಿ ಕೈತೊಳೆದುಕೊಳ್ಳುವ ಕಲಾವಿದರಲ್ಲ. ಒಲೆಯ ಮೇಲೆ ಪಾತ್ರೆಯಿದ್ದು ಗ್ಯಾಸ್ ಮುಗಿದಾಗ ಬರುವ ರೀ, ಬಾಗಿಲು ಎಳೆದುಕೊಂಡ ಮೇಲೆ ಕೀಲಿ ಒಳಗೇ ಉಳಿಯಿತೆಂದು ಹೊಳೆದಾಗ ಬರುವ ರೀ, ನಾಲ್ಕು ಜನರೆದುರು ಗಂಡ ಹಳೇ ಕಥೆಯನ್ನೇ ಮತ್ತೆ ಶುರುಮಾಡಿದಾಗ ನಗುಮುಖ ಕೆಡದಂತೆ ಹಲ್ಲುಗಳ ನಡುವಿನಿಂದ ಬರುವ ರೀ, ಏನೂ ಕೆಲಸವಿಲ್ಲದೆ ಮನುಷ್ಯ ಮನೆಯಲ್ಲಿದ್ದಾನೋ ಇಲ್ಲವೋ ಎಂದು ನೋಡಲು ಸುಮ್ಮನೆ ಬರುವ ರೀ, ಪ್ರತಿಯೊಂದಕ್ಕೂ ತಾವು ಬೇರೆ ಬೇರೆ ರಾಗ ಇಟ್ಟಿದ್ದೀರಿ. ಕೀಲಿಯ ರೀ ಕೇಳಿದಾಗಲೆಲ್ಲ ಡಾಕ್ಟರು ಜೇಬು ಮುಟ್ಟಿಕೊಳ್ಳುತ್ತಿದ್ದರು. ಒಮ್ಮೆ ಗ್ಯಾಸಿನ ರೀ ಕೇಳಿ ನಾನೇ ಊಟ ಬಿಟ್ಟು ಎದ್ದು ನಿಂತಿದ್ದೆ.

ಇಷ್ಟೊಂದು ವಿದ್ಯೆ ತಮಗೆ ಎಲ್ಲಿಂದ ಬಂತೆಂದು ಅಡುಗೆಯಾಕೆಯನ್ನು ವಿಚಾರಿಸಿದೆವು. ಹಿಂದಿನ ಬೇಸಿಗೆಯಲ್ಲಿ ಒಬ್ಬ ಫೋಟೋಗ್ರಾಫರು ಹೆಂಡತಿಯೊಂದಿಗೆ ಬಂದು ಬಹಳ ಕಾಲ ತಂಗಿದ್ದರಂತೆ. ಅವರು ತಮ್ಮ ಮರದ ಕೆಳಗೆ ಕ್ಯಾಮೆರಾ ನಿಲ್ಲಿಸಿಕೊಂಡು, ಅಲುಗಿದರೆ ಹಕ್ಕಿ ಹಾರಿಹೋಗುತ್ತದೆಂದು ಕಲ್ಲಿನ ಹಾಗೆ ಕೂತಿರುತ್ತಿದ್ದರಂತೆ. ಆಕೆ ಊಟ ಆರಿಹೋಗುತ್ತದೆಂದು ಜಗಲಿಯಿಂದ ಕರೆಯುತ್ತಿದ್ದರಂತೆ, ಕರೆಯುತ್ತಲೇ ಇರುತ್ತಿದ್ದರಂತೆ. ಮೇಲೆ ಕೂತ ತಾವು ಪಾಠ ಕಲಿತುಕೊಂಡಿರಿ. ಇಂಥ ಜನರೂ ಇರುತ್ತಾರಲ್ಲ ಎಂದು ನಾನು ನಕ್ಕೆ. ನನ್ನ ಹೆಂಡತಿ ಅಡುಗೆಯಾಕೆಗೆ ಹೇಳುವಂತೆ ನನಗೆ ಹೇಳಿದಳು, “ಒಂದೇ ಸಲಕ್ಕೆ ಓ ಅಂದಿದ್ರೆ, ಹಕ್ಕಿಗೆ ಕಲಿಯೋಕೆ ಪುರುಸೊತ್ತೇ ಸಿಗ್ತಿರಲಿಲ್ಲ.”

ಅಲ್ಲಿಗಾದರೂ ತಾವು ಕಲಿಕೆಯನ್ನು ನಿಲ್ಲಿಸಬಹುದಿತ್ತು. ತಾವು ಮೋಸಗೊಳಿಸಿದ್ದು ಸಾಕೆಂದು ನಾನು ಓಡಿ ಬರುವುದನ್ನು ಬಿಟ್ಟು, ಕೋಣೆಯ ಕಿಟಕಿಯ ಪಕ್ಕ ಕೂತಲ್ಲಿಂದಲೇ, ಕೈಯಲ್ಲಿದ್ದ ಪೇಪರಿನಿಂದ ಕಣ್ಣೆತ್ತದೆ, ಅಭ್ಯಾಸಬಲದಿಂದ ತಮಗೂ ‘ಹ್ಞೂಂ’ ಎನ್ನತೊಡಗಿದೆ. ಅದು ಸೌಜನ್ಯ ಮಾತ್ರವಾಗಿತ್ತು. ತಾವು ಅದನ್ನು ಹೊಸ ಪಾಠವೆಂದು ತಿಳಿದಿರಿ. ಒಂದು ಮಧ್ಯಾಹ್ನ ನಾವೆಲ್ಲ ಊಟಕ್ಕೆ ಕೂತಿದ್ದಾಗ ಮರದ ಮೇಲಿನಿಂದ ‘ರೀ’ ಎಂದು ಕೇಳಿಸಿತು. ಯಾರೂ ಏಳಲಿಲ್ಲ. ಸ್ವಲ್ಪ ಬಿಟ್ಟು ಮತ್ತೆ ‘ರೀ’ ಎಂದು ಕೇಳಿಸಿತು. ಆಮೇಲೆ ನನ್ನ ದನಿಯಲ್ಲಿ, ನನ್ನ ಮೂಗಿನಿಂದಲೇ ಬಂದ ಹಾಗೆ, ಬೇರೆಲ್ಲೋ ಮನಸ್ಸಿಟ್ಟುಕೊಂಡ ಮನುಷ್ಯನ ಒಂದು ‘ಹ್ಞೂಂ’ ಕೇಳಿಸಿತು.

ಡಾಕ್ಟರ ಹೆಂಡತಿಯ ಕೈಯಿಂದ ಚಮಚ ಜಾರಿತು. ಗೈಡ್ ಮಹಾಶಯರು ಸೇವೆಗೆ ಸೇರಿದ ಮೇಲೆ ಮೊದಲ ಬಾರಿಗೆ ಗಟ್ಟಿಯಾಗಿ ನಕ್ಕರು. ನನ್ನ ಹೆಂಡತಿಯೂ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ಕಾರು ಹತ್ತಿದ ಮೇಲೆ ಅವಳು ನಕ್ಕದ್ದು ಅದೇ ಮೊದಲು, ನನಗೂ ಖುಷಿಯಾಗಿ ಜೊತೆಗೆ ನಗತೊಡಗಿದೆ. ಆದರೆ ತಾವು ಒಮ್ಮೆ ಹಾಡಿ ಬಿಡಲಿಲ್ಲ. ರೀ, ಹ್ಞೂಂ, ರೀ, ಹ್ಞೂಂ ಎಂದು ನಮ್ಮ ಇಡೀ ಸಂಸಾರವನ್ನು ಊಟ ಮುಗಿಯುವವರೆಗೆ ಒಬ್ಬರೇ ನಡೆಸಿದಿರಿ. ಕೇಳುತ್ತ ಕೇಳುತ್ತ ಅವಳ ನಗು ನಿಂತಿತು. “ಹೊರಗಿನಿಂದ ಕೇಳಿದ್ರೆ ಹೀಗಿರತ್ತೆ ನೋಡಿ” ಎಂದು ತಟ್ಟೆ ಎತ್ತಿಕೊಂಡು ಹೋದಳು. ಆ ಹೊತ್ತು ನನಗೆ ತಮ್ಮ ಮೇಲೆ ಬಂದ ಸಿಟ್ಟನ್ನು ಇಲ್ಲಿ ಬರೆದರೆ ಪತ್ರದ ಮರ್ಯಾದೆ ಕೆಡುತ್ತದೆ. ಇನ್ನು ಈ ಕಾಡಿನಲ್ಲಿ ಯಾರೇ ‘ರೀ’ ಎಂದರೂ ತಿರುಗಿ ಸಹ ನೋಡುವುದಿಲ್ಲ ಎಂದು ಡಾಕ್ಟರೆದುರು ಶಪಥ ಮಾಡಿದೆ. ಡಾಕ್ಟರು ಜೇಬು ಮುಟ್ಟಿಕೊಂಡು ಹೌದೆಂದರು.

ಹೊರಡುವ ದಿನದ ಬೆಳಿಗ್ಗೆ ಗೈಡ್ ನಮ್ಮನ್ನು ತೊರೆಯ ಮೇಲಿನ ತೂಗುಸೇತುವೆಗೆ ಕರೆದೊಯ್ದರು. ಒಬ್ಬರ ಹಿಂದೆ ಒಬ್ಬರಂತೆ ನಡೆಯಬೇಕು, ಉಸಿರೂ ಎತ್ತಬಾರದು ಎಂದರು. ಮುಂದೆ ಅವರು, ಅವರ ಹಿಂದೆ ಡಾಕ್ಟರ ದಂಪತಿ, ಆಮೇಲೆ ನಾನು, ಕೊನೆಯಲ್ಲಿ ನನ್ನ ಹೆಂಡತಿ. ಸೇತುವೆಯ ನಡುವೆ ಬಂದಾಗ ಹಿಂದಿನಿಂದ ಬಹಳ ಮೆಲ್ಲಗೆ ‘ರೀ’ ಎಂದು ಕೇಳಿಸಿತು. ಅದು ಗ್ಯಾಸಿನದಲ್ಲ, ಕೀಲಿಯದಲ್ಲ, ಆ ಬಗೆಯ ರೀ ತಮ್ಮ ಬಾಯಿಂದ ನಾನು ಅದುವರೆಗೆ ಕೇಳಿರಲಿಲ್ಲ. ಇಲ್ಲಿಗೂ ಹಿಂಬಾಲಿಸಿ ಬಂದು ಹೊಸದೊಂದನ್ನು ಕಲಿತು ಒಪ್ಪಿಸುತ್ತಿದ್ದಾರಲ್ಲ ಎಂದು ತಮ್ಮ ಪ್ರತಿಭೆಗೆ ಮನಸ್ಸಿನಲ್ಲೇ ಶಹಭಾಷ್ ಹೇಳಿ, ತಿರುಗದೆ ನಡೆದೆ. ಇನ್ನೊಮ್ಮೆ ‘ರೀ’ ಎಂದು ಕೇಳಿಸಿತು. ಈ ಸಲ ನಾನು ಸೋಲಲಿಲ್ಲ ಎಂಬ ಬಿಗುಮಾನದಿಂದ ಬೆನ್ನು ನೆಟ್ಟಗೆ ಮಾಡಿಕೊಂಡು ಆ ತುದಿ ಮುಟ್ಟಿ, ಆಮೇಲೆ ತಿರುಗಿ ನೋಡಿದೆ.

ಅವಳು ಸೇತುವೆಯ ನಡುವೆ, ನಾನು ದಾಟಿ ಬಂದ ಜಾಗದಲ್ಲೇ ನಿಂತಿದ್ದಳು. ಬೈನಾಕ್ಯುಲರ್ ಎದೆಯ ಮೇಲೆ ತೂಗುತ್ತಿತ್ತು, ಅದರ ಅಗತ್ಯವೇ ಇರಲಿಲ್ಲ. ಕೈಗೆಟುಕುವಷ್ಟು ಹತ್ತಿರದ ಕೊಂಬೆಯೊಂದು ಈಗಷ್ಟೇ ಹಗುರಾದ ಹಾಗೆ ತೂಗುತ್ತಿತ್ತು. ಗೈಡ್ ಮಹಾಶಯರು ಜೀವಮಾನವಿಡೀ ತೋರಿಸುತ್ತೇನೆಂದು ಹೇಳಿಕೊಂಡು ಬಂದ ನೀಲಿ ಕತ್ತಿನ ಹಕ್ಕಿ ಅಲ್ಲಿ, ನನ್ನ ನೆತ್ತಿಯ ಮೇಲೆಯೇ, ನಾನು ಹಾದುಹೋಗುವವರೆಗೂ ಕೂತಿತ್ತಂತೆ. ಅವಳು ಗೈಡನ್ನು ಕರೆಯಲಿಲ್ಲ, ಡಾಕ್ಟರನ್ನು ಕರೆಯಲಿಲ್ಲ. ನನ್ನನ್ನು ಕರೆದಳು. ಕರೆಯುವುದಿಲ್ಲವೆಂದು ಹೇಳಿದ್ದವಳು, ತಾನು ಕಂಡದ್ದನ್ನು ನನಗೆ ತೋರಿಸಬೇಕೆನ್ನಿಸಿ, ಹಟ ಬಿಟ್ಟು ಕರೆದಳು. ಹೇಗಿತ್ತು ಎಂದು ಕೇಳಿದೆ. ಟವೆಲ್ಲಿನ ಮೇಲಿರುವ ಹಾಗಿಲ್ಲ ಎಂದಷ್ಟೇ ಹೇಳಿ ಮುಂದೆ ನಡೆದಳು.

ಅದು ಹಕ್ಕಿಯೆಂದುಕೊಂಡೆ, ಹಕ್ಕಿಯೂ ಕರೆದಿರಬಹುದು, ಒಂದು ಸಲ ಅದು ಇನ್ನೊಂದು ಸಲ ನೀನು ಎಂದು ನಾನು ದಾರಿಯುದ್ದಕ್ಕೂ ವಾದಿಸಿಕೊಂಡು ಬಂದೆ. ವಸತಿಗೃಹಕ್ಕೆ ಮರಳಿದರೆ ಕ್ಯಾಪ್ಟನ್ ಎಂದಿನಂತೆ ತಮ್ಮ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ತಾವು ಬೆಳಗಿನಿಂದ ಅವರ ತಲೆಯ ಮೇಲಿನ ಕೊಂಬೆ ಬಿಟ್ಟು ಕದಲಲೇ ಇಲ್ಲವೆಂದು ಅವರು ಸಂತೋಷದಿಂದ ಹೇಳಿದರು. ಆದ್ದರಿಂದ ತಮ್ಮ ಮೇಲಿನ ನನ್ನ ಮುಖ್ಯ ದೂರು ಇದು: ನನ್ನನ್ನು ಬೇಡದ ಕಡೆಯಲ್ಲೆಲ್ಲ ಕರೆದು ಓಡಾಡಿಸಿದ ತಾವು, ಅತ್ಯಗತ್ಯವಾಗಿ ಇರಬೇಕಾಗಿದ್ದ ಆ ತೂಗುಸೇತುವೆಯ ಮೇಲೆ ಇರಲಿಲ್ಲ.

ಈಗ ನಾವು ಅಂಗಡಿಗೆ ಮರಳಿದ್ದೇವೆ. ಅವಳು ಕೌಂಟರಿನ ಮೇಲೆ ಹೊಸದೊಂದು ಗಂಟೆ ಇಟ್ಟುಕೊಂಡಿದ್ದಾಳೆ. ನಾನು ಬೇಕಾದಾಗ ಅದನ್ನು ಒತ್ತುತ್ತಾಳೆ, ಅದು ‘ಟಿಣ್’ ಎನ್ನುತ್ತದೆ, ನಾನು ತಕ್ಷಣ ಎದ್ದು ಹೋಗುತ್ತೇನೆ. ಕೆಲಸದ ದೃಷ್ಟಿಯಿಂದ ಬಹಳ ಅನುಕೂಲವಾಗಿದೆ. ಆದರೆ ಗಂಟೆಯ ಸದ್ದಿನಲ್ಲಿ ಗ್ಯಾಸು ಯಾವುದು, ಕೀಲಿ ಯಾವುದು, ಸುಮ್ಮನೆ ಇದ್ದೀರೋ ಇಲ್ಲವೋ ಎಂಬುದು ಯಾವುದು, ಎಷ್ಟು ಕಿವಿ ನಿಮಿರಿಸಿದರೂ ಗೊತ್ತಾಗುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡವರು ಬೆರಳೆತ್ತುವುದನ್ನು ನೋಡಿದಾಗ ನನಗೆ ಈಗೀಗ ಹೊಟ್ಟೆಕಿಚ್ಚಾಗುತ್ತದೆ.

ಆದಕಾರಣ ತಮ್ಮಲ್ಲಿ ಕೆಲವು ಸಣ್ಣ ಕೋರಿಕೆಗಳಿವೆ. ಮುಂದೆ ಯಾರ ಗಂಡನನ್ನೇ ಕರೆಯುವಾಗಲೂ ‘ರೀ’ ಎಂದ ಕೂಡಲೇ ಚಿಲಿಪಿಲಿ ಎಂದೋ, ಕಡೆಗೆ ರೆಕ್ಕೆ ಬಡಿದೋ, ಕರೆದವರು ಹಕ್ಕಿಯೆಂಬುದನ್ನು ಖಚಿತಪಡಿಸಬೇಕು. ಆ ಬೆಳಿಗ್ಗೆ ತೂಗುಸೇತುವೆಯ ಮೇಲೆ ಎರಡು ಸಲ ಅಲ್ಲದಿದ್ದರೂ ಒಂದು ಸಲವಾದರೂ ಕರೆದದ್ದು ತಾವೇ ಎಂದು, ಕೊಕ್ಕಿನ ಗುರುತಿನೊಂದಿಗೆ, ನನ್ನ ಹೆಂಡತಿಗೆ ತೋರಿಸಬಹುದಾದ ಒಂದು ಪ್ರಮಾಣಪತ್ರ ಕೊಡಬೇಕು. ಸುಳ್ಳಾದರೂ ಪರವಾಗಿಲ್ಲ, ಕ್ಯಾಪ್ಟನ್‌ರ ಕಣ್ಣು ಮಂಜಾಗಿದೆಯೆಂದು ನಾನು ಹೇಳಿಕೊಳ್ಳುತ್ತೇನೆ. ನನ್ನಿಂದ ಕಲಿತ ‘ಹ್ಞೂಂ’ ಎಂಬುದನ್ನು ಕೂಡಲೇ ಕೈಬಿಟ್ಟು ಆ ಜಾಗದಲ್ಲಿ ‘ಬಂದೆ’ ಎಂಬುದನ್ನು ರೂಢಿಸಿಕೊಂಡರೆ, ಮುಂದೆ ಅಲ್ಲಿಗೆ ಬರುವ ಗಂಡಸರು ಹಕ್ಕಿಯಿಂದಾದರೂ ಬುದ್ಧಿ ಕಲಿಯಬಹುದು. ನೀಲಿ ಕತ್ತಿನವರು ಎಲ್ಲಾದರೂ ಸಿಕ್ಕರೆ, ಅದೇ ಕೊಂಬೆಯ ಮೇಲೆ ಅದೇ ಭಂಗಿಯಲ್ಲಿ ಇನ್ನೊಮ್ಮೆ ಕೂರಲು ಬಿಡುವಿದೆಯೇ ಎಂದು ವಿಚಾರಿಸಬೇಕು. ನಾನು ಯಾವಾಗ ಬೇಕಾದರೂ ಬರುತ್ತೇನೆ. ಈ ನಿರ್ಬಂಧಗಳೆಲ್ಲ ಕ್ಯಾಪ್ಟನ್ ಕುರ್ಚಿ ಹಾಕಿಕೊಂಡು ಕೂತಿರುವ ಹೊತ್ತಿಗೆ ಅನ್ವಯಿಸತಕ್ಕದ್ದಲ್ಲ. ಅವರನ್ನು ತಾವು ಎಷ್ಟು ಸಲ ಬೇಕಾದರೂ ಕರೆಯಿರಿ, ಚಿಲಿಪಿಲಿ ಸೇರಿಸಬೇಡಿ.

ಎಲ್ಲಿಯಾದರೂ ಮಾತು ಹೆಚ್ಚಾಗಿದ್ದರೆ ಹುಳುಹುಪ್ಪಟೆಯ ಜೊತೆಗೆ ಅದನ್ನೂ ಹೊಟ್ಟೆಗೆ ಹಾಕಿಕೊಳ್ಳಬೇಕೆಂದು ಬೇಡಿಕೊಳ್ಳುತ್ತ,

ಹಕ್ಕಿ ಕರೆದಾಗ ಓಡಿ ಬಂದ, ಹೆಂಡತಿ ಕರೆದಾಗ ಬೆನ್ನು ನೆಟ್ಟಗೆ ಮಾಡಿಕೊಂಡು ನಡೆದ,
ತಮ್ಮ ವಿಶ್ವಾಸಿ,
ಕಿವಿ ಪರೀಕ್ಷೆಯ ಅಂಗಡಿಯವನು

ತಾ.ಕ.: ತಪ್ಪುಗಳಿದ್ದರೆ ತಿದ್ದಲಿ ಎಂದು ಈ ಪತ್ರವನ್ನು ಹೆಂಡತಿಗೆ ಓದಿ ಹೇಳಿದೆ. ನಡುವೆ ಮಾತಾಡದೆ ಪೂರ್ತಿ ಕೇಳಿಸಿಕೊಂಡಳು. ಕೊನೆಗೆ, “ಹಕ್ಕಿಗೆ ಮಾನ್ಯರೇ ಅಂದಿದ್ದೀರಿ. ನನಗೆ ಬರೆದ್ರೆ ಏನಂತ ಶುರು ಮಾಡ್ತೀರಿ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೌಂಟರಿಗೆ ಹೋದಳು. ಹೊಸ ಹಾಳೆ ತೆಗೆದುಕೊಂಡು ಆಗಿನಿಂದ ಕೂತಿದ್ದೇನೆ. ‘ಏ’, ‘ಇಲ್ನೋಡು’, ‘ಎಲ್ಲಿದ್ದೀಯ’ ಎಂಬುದರಾಚೆಗೆ ನಾನು ಅವಳನ್ನು ಏನೆಂದೂ ಕರೆದದ್ದು ನೆನಪಾಗುತ್ತಿಲ್ಲ, ಮೊದಲ ಸಾಲು ಇನ್ನೂ ಖಾಲಿಯಿದೆ. ತಮ್ಮ ಮರದ ಕೆಳಗೆ ಎಷ್ಟೋ ಗಂಡಂದಿರು ಬಂದು ಹೋಗಿದ್ದಾರೆ. ಅವರಲ್ಲಿ ಯಾರಾದರೊಬ್ಬರು ಹೆಂಡತಿಯನ್ನು, ತಾವು ಕೇಳಿ ಕಲಿಯುವಷ್ಟು ಚೆನ್ನಾಗಿ ಕರೆದಿದ್ದರೆ, ಅದೇನೆಂದು ದಯವಿಟ್ಟು ತಿಳಿಸಿ. ನಾನಿದ್ದಷ್ಟು ದಿನವಂತೂ ಅಂಥದ್ದೊಂದೂ ತಮ್ಮ ಬಾಯಿಂದ ಕೇಳಿಬರಲಿಲ್ಲ.